ಸಿಂಹದ ಕಂಬದಿಂದ ಮಸ್ಕಿಯ ಬಂಡೆಗೆ

ಬೆಂಗಳೂರಿಗೆ ಹೋದಾಗ ಜಯನಗರದ ಅಶೋಕ ಸ್ತಂಭವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಆ ಬಡಾವಣೆಗೆ ಅಡಿಗಲ್ಲು ಹಾಕಿದ್ದರ ನೆನಪಿಗೆ ನಿಂತಿರುವ ಕಂಬ ಅದು. ಮೇಲೆ ಬೆನ್ನಿಗೆ ಬೆನ್ನು ಕೊಟ್ಟ ನಾಲ್ಕು ಸಿಂಹಗಳು. ಹೋದ ವರ್ಷ ಒಂದು ಮದುವೆಗೆ ಹೋಗಿದ್ದಾಗ ಅದನ್ನು ನೋಡಿ ನನ್ನ ಮಗ ಕೇಳಿದ: “ಅಮ್ಮಾ, ಇದು ಅಶೋಕಂದೇ ಅಂತ ಹೇಗೆ ಗೊತ್ತಾಯ್ತು?”

ನನಗೆ ಉತ್ತರ ಬರಲಿಲ್ಲ. ದಿನಾ ತರಕಾರಿಯವಳಿಗೆ ಕೊಡುವ ನಾಣ್ಯದ ಮೇಲೂ ಅವೇ ಸಿಂಹಗಳಿವೆ, ಆದರೂ ನಾನು ಯೋಚಿಸಿದವಳಲ್ಲ. ಊರಿಗೆ ಬಂದ ಮೇಲೆ ಓದಿ, ಕೇಳಿ ತಿಳಿದೆ. ಮೂಲ ಶಿಲ್ಪ ಸಿಕ್ಕಿದ್ದು 1905ರ ಸುಮಾರಿಗೆ, ಕಾಶಿಯ ಹತ್ತಿರದ ಸಾರನಾಥದಲ್ಲಿ. 1950ರ ಜನವರಿ 26ರಂದು ಅದು ನಮ್ಮ ರಾಷ್ಟ್ರಲಾಂಛನವಾಯಿತು. ಆದರೆ ಆಗ ತಿಳಿದಿದ್ದ ಶಾಸನಗಳಲ್ಲೆಲ್ಲ ರಾಜನ ಹೆಸರು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತ ಮಾತ್ರ ಇತ್ತು. ಅವನೇ ಅಶೋಕ ಎಂದು ಪಂಡಿತರು 1837ರಲ್ಲೇ ಸಿಂಹಳದ ಗ್ರಂಥಗಳ ಆಧಾರದಿಂದ ಹೇಳಿದ್ದರು. ಕಲ್ಲಿನ ಸಾಕ್ಷಿಯೊಂದು ಬೇಕಿತ್ತು.

ಆ ಸಾಕ್ಷಿ ಸಿಕ್ಕಿದ್ದು ಎಲ್ಲಿ ಗೊತ್ತೇ? ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ!

ಕಳೆದ ಚಳಿಗಾಲದಲ್ಲಿ ಸಿಂಧನೂರಿನ ನಾದಿನಿಯ ಮನೆಗೆ ಹೋದಾಗ ಈ ಮಾತು ತೆಗೆದೆ. “ಒಂದು ಬಂಡಿ ನೋಡಾಕ ಅಷ್ಟು ದೂರ ಹೋಗ್ಬೇಕೇನ್ರಿ ವೈನಿ?” ಅಂತ ಅವಳು ನಕ್ಕಳು. ಆದರೂ ಬೆಳಿಗ್ಗೆ ಎದ್ದು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಅವಳೇ ಮುಂದಾದಳು. ಲಿಂಗಸುಗೂರಿನ ಬಸ್ಸು ಹತ್ತಿದೆವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳ ಹಸಿರು ಹಿಂದೆ ಬಿತ್ತು. ಆಮೇಲೆ ಎಲ್ಲ ಕರಿಮಣ್ಣು, ಕಲ್ಲುಗುಡ್ಡ. ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಮಸ್ಕಿ ಈಗ ತಾನೇ ತಾಲ್ಲೂಕಾಗಿದೆ. ಗುಡ್ಡದ ಮೇಲೆ ಮಲ್ಲಿಕಾರ್ಜುನ ಸ್ವಾಮಿ ಇದ್ದಾನೆ, ಅವನಿಗೆ ಕೈಮುಗಿದು ಶಾಸನದ ಕಡೆ ನಡೆದೆವು.

1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ನಿಜಾಮರ ಸೀಮೆಯಾಗಿದ್ದ ಈ ಭಾಗದಲ್ಲಿ ಚಿನ್ನ ಹುಡುಕುತ್ತಾ ಬಂದವನು ಈ ಅಕ್ಷರಗಳನ್ನು ಕಂಡ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನದ ಗಣಿ ಇದೆಯಲ್ಲ, ಅದೇ ನೆಲ. ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿ ಅಚ್ಚು ಹಾಕಿಸಿದರು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಅದರಲ್ಲಿ ‘ದೇವಾನಾಂಪ್ರಿಯ’ನ ಜೊತೆಗೇ ‘ಅಶೋಕ’ ಎಂಬ ಹೆಸರು! ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಮೊದಲನೆಯ ಮಾನ ಮಾತ್ರ ಮಸ್ಕಿಯದೇ.

ಬಂಡೆಯ ಮುಂದೆ ನಿಂತಾಗ, ನಿಜ ಹೇಳಬೇಕೆಂದರೆ, ಮೊದಲು ಸ್ವಲ್ಪ ನಿರಾಸೆಯೇ ಆಯಿತು. ಸಿಂಹವಿಲ್ಲ, ಹೂಬಳ್ಳಿಯಿಲ್ಲ, ಸವೆದ ಗೀಟುಗಳು ಅಷ್ಟೇ. ಆದರೆ ನಾನು ತಿಳಿದುಕೊಂಡು ಬಂದಿದ್ದ ಅರ್ಥವನ್ನು ನಾದಿನಿಗೆ ಹೇಳಿದೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಸಣ್ಣವರೂ ಪ್ರಯತ್ನಪಟ್ಟರೆ ಪಡೆಯಬಹುದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು, ಎಂದು ಚಕ್ರವರ್ತಿ ಕಲ್ಲಿನಲ್ಲಿ ಬರೆಸಿದ್ದಾನೆ.

ನಾದಿನಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಂಗಾದ್ರ ಇದು ನಮಗೂ ಬರ್ಸಿದ್ದೇ ಆತಲ್ರಿ ವೈನಿ” ಅಂದಳು. ಇತಿಹಾಸ, ಶಾಸನ ಎಲ್ಲ ಓದಿದವರ ಸೊತ್ತು, ಒಲೆಯ ಮುಂದಿನ ನಮಗೇಕೆ ಅಂದುಕೊಳ್ಳುತ್ತೇವಲ್ಲ, ಆ ಮಾತಿಗೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಉತ್ತರ ಬರೆದಿಟ್ಟಿದೆ!

ಅಶೋಕನ ಮುಖ ನೋಡುವ ಆಸೆಯಿದ್ದರೆ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಿದೆ. ಅಲ್ಲಿ 1990ರ ದಶಕದ ಉತ್ಖನನದಲ್ಲಿ ರಾಣಿಯೊಡನೆ ನಿಂತ ರಾಜನ ಶಿಲ್ಪ ಸಿಕ್ಕಿತು. ‘ರಾಯೋ ಅಸೋಕೋ’ ಎಂದು ಹೆಸರೂ ಕೆತ್ತಿದೆ. ಅವನು ತೀರಿಹೋಗಿ ಎಷ್ಟೋ ಕಾಲದ ಮೇಲೆ ನಮ್ಮ ಸೀಮೆಯ ಶಿಲ್ಪಿ ನೆನೆದು ಮಾಡಿದ್ದು.

ಮಸ್ಕಿಗೆ ಹೋಗುವಿರಾದರೆ ಬಿಸಿಲೇರುವ ಮುಂಚೆ ಹೋಗಿ. ಕುಡಿಯುವ ನೀರು, ಗಟ್ಟಿ ಚಪ್ಪಲಿ ಮರೆಯಬೇಡಿ. ಮಕ್ಕಳು ಬಂಡೆಯ ಮೇಲೆ ಏನೂ ಗೀಚದಂತೆ ನೋಡಿಕೊಳ್ಳಿ. ಹೊರಡುವ ಮೊದಲು ಅವರ ಕೈಗೊಂದು ನಾಣ್ಯ ಕೊಟ್ಟು ಸಿಂಹಗಳನ್ನು ಎಣಿಸಲು ಹೇಳಿ. ಮೂರೇ ಕಾಣುತ್ತವೆ, ನಾಲ್ಕನೆಯದು ಹಿಂದಿದೆ. ಆ ಸಿಂಹಗಳ ಒಡೆಯನ ಹೆಸರು ಎಲ್ಲಿ ಸಿಕ್ಕಿತು ಎಂಬುದನ್ನು ಬಂಡೆಯ ಮುಂದೆ ನಿಂತು ನೀವೇ ಹೇಳಿಕೊಡಿ.