ಗುಜರಿ ಲಾರಿ ಹತ್ತಿದ ಚಾವಡಿ ಕನ್ನಡಿ

ಮಂಗಳೂರಿನ ಕದ್ರಿ ಕಡೆ ಹೊಸದಾಗಿ ಶುರುವಾದ ಕಾಫಿ ಅಂಗಡಿಯೊಂದರ ಉದ್ಘಾಟನೆಗೆ ನಮ್ಮನ್ನು ಕಳಿಸಿದ್ದರು. ಎರಡು ಪ್ಯಾರಾ ಸುದ್ದಿ, ಒಂದು ಫೋಟೊ. ನಮ್ಮಂಥ ಬಿಡಿ ಸುದ್ದಿಗಾರರಿಗೆ ಇದು ಮಾಮೂಲಿ ಕೆಲಸ. ಆದರೆ ಒಳಗೆ ಕಾಲಿಟ್ಟವರು ಗೋಡೆ ನೋಡಿ ಅಲ್ಲೇ ನಿಂತುಬಿಟ್ಟೆವು.

ಗೋಡೆಯಲ್ಲಿ ಎದೆಯೆತ್ತರದ ಹಳೆ ಕನ್ನಡಿ. ಬೀಟಿ ಮರದ ಚೌಕಟ್ಟು, ತಲೆಯ ಮೇಲೆ ಬಳ್ಳಿಯ ಕೆತ್ತನೆ. ಗಾಜಿನ ಅಂಚನ್ನು ಇಳಿಜಾರಾಗಿ ಉಜ್ಜಿದ್ದರು. ಕೆಳಗಿನ ಮೂಲೆಯಲ್ಲಿ ಕಪ್ಪು ಚುಕ್ಕೆಗಳು.

"ಬೆಲ್ಜಿಯಂ ಗ್ಲಾಸ್. 18 ಸಾವಿರ ಕೊಟ್ಟದ್ದು. ಕಡಿಮೆಗೆ ಸಿಕ್ಕಿತು ಮಾರಾಯ್ರೆ" ಅಂದರು ಅಂಗಡಿಯವರು.

"ಯಾರ ಮನೆಯದ್ದು?" ಕೇಳಿದೆವು.

"ಅದೆಲ್ಲ ಗೊತ್ತಿಲ್ಲ. ಯಾವುದೋ ಹಳ್ಳಿಯದ್ದು."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಆ 'ಯಾವುದೋ ಹಳ್ಳಿ' ನಮ್ಮ ಗಂಟಲಲ್ಲಿ ಸಿಕ್ಕಿಕೊಂಡಿತು. ಯಾಕೆಂದರೆ ಅಂಥದ್ದೇ ಒಂದು ಕನ್ನಡಿಯನ್ನು ನಾವೇ ಕೈಯಾರೆ ಕೊಟ್ಟವರು.

ಮೂರು ವರ್ಷದ ಹಿಂದಿನ ಮಾತು. ಊರಿನಲ್ಲಿ ಅಜ್ಜಿಯ ಹಂಚಿನ ಮನೆ ಕೆಡವಿ ಟೆರೇಸ್ ಮನೆ ಕಟ್ಟುವುದೆಂದು ತೀರ್ಮಾನವಾಯಿತು. ಮಾಡು ಸೋರುತ್ತಿತ್ತು, ಪಕ್ಕಾಸು ಗೆದ್ದಲು ಹಿಡಿದಿತ್ತು. ಕೆಡವುವುದು ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸಾಮಾನು ಖಾಲಿ ಮಾಡುವ ದಿನ ಗುಜರಿ ಲಾರಿ ಬಂತು. ಹಿತ್ತಾಳೆ ಹಂಡೆ, ಮುರಿದ ಆರಾಮಕುರ್ಚಿ, ಅಕ್ಕಿಮುಡಿಯ ಹಲಗೆ ಎಲ್ಲ ಹೋಯಿತು. ಕೊನೆಗೆ ಚಾವಡಿಯ ಕನ್ನಡಿ. ಗುಜರಿಯವ ಅದರ ಮುಂದೆ ನಿಂತು ಮೀಸೆ ಸವರಿಕೊಂಡು, "ಇದಕ್ಕೆ ಎಂತ ಕೊಡುವುದು? ಮುಖವೇ ಕಾಣುವುದಿಲ್ಲ" ಅಂದ. 300 ರೂಪಾಯಿಗೆ ಮಾತು ಮುಗಿಯಿತು. ಹೊತ್ತು ಲಾರಿಗೆ ಏರಿಸಿದ್ದು ನಾವೇ.

ಅಜ್ಜಿ ಬದುಕಿದ್ದಾಗ ಆ ಕನ್ನಡಿಯ ಚೌಕಟ್ಟಿನ ಎಡಬದಿಯಲ್ಲಿ ಬೊಟ್ಟುಗಳ ಸಾಲೇ ಇರುತ್ತಿತ್ತು. ಮನೆಯ ಹೆಂಗಸರು ರಾತ್ರಿ ಮಲಗುವ ಮೊದಲು ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು ಅಲ್ಲಿ ಅಂಟಿಸುತ್ತಿದ್ದರು. ಬೊಟ್ಟು ಉದುರಿದರೂ ಅಂಟಿನ ಗುರುತು ಮರದಲ್ಲಿ ಉಳಿದಿತ್ತು. ಕಾಫಿ ಅಂಗಡಿಯ ಕನ್ನಡಿಯಲ್ಲೂ ನಾವು ಮೊದಲು ಹುಡುಕಿದ್ದು ಅದನ್ನೇ. ಚೌಕಟ್ಟಿಗೆ ಹೊಸ ಪಾಲಿಶ್ ಹೊಡೆದಿದ್ದರು. ಏನೂ ಕಾಣಲಿಲ್ಲ. ನಮ್ಮದೇ ಇರಬಹುದು, ಅಲ್ಲದೆಯೂ ಇರಬಹುದು.

ಹಳೆ ಮನೆಗಳ ಸಾಮಾನಿನಿಂದ ಹೊಸ ಗೋಡೆ ಅಲಂಕರಿಸುವುದು ಮಂಗಳೂರಿಗೆ ಮಾತ್ರ ಸೀಮಿತವಾದ ಹವ್ಯಾಸವಲ್ಲ. ಕೊಚ್ಚಿಯ ಮಟ್ಟಾಂಚೇರಿಯ ಜ್ಯೂ ಟೌನ್‌ನಲ್ಲಿ, ತಮಿಳುನಾಡಿನ ಕಾರೈಕುಡಿಯಲ್ಲಿ ಇಂಥ ಸಾಮಾನಿಗೆ ಬೀದಿ ತುಂಬ ಅಂಗಡಿಗಳಿವೆ. ಕಾರೈಕುಡಿಯ ಚೆಟ್ಟಿಯಾರರು ಬರ್ಮಾದ ವ್ಯಾಪಾರದಲ್ಲಿ ದುಡಿದು, ಅಲ್ಲಿಂದ ತೇಗ, ಯುರೋಪಿನಿಂದ ಕನ್ನಡಿ ತರಿಸಿ ಅರಮನೆಯಂಥ ಮನೆ ಕಟ್ಟಿಸಿದವರು. ಮನೆ ಪಾಲಾದಾಗ, ಬಿದ್ದಾಗ, ಆ ಕನ್ನಡಿಗಳು ಬೀದಿಗೆ ಬಂದವು. ನಮ್ಮ ಕಡೆಯ ಕಥೆಯೂ ಹೆಚ್ಚುಕಡಿಮೆ ಹಾಗೆಯೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡುಗಳ ಜಾಗಕ್ಕೆ ಹಂಚಿನ ಮಾಡು ಬಂತು. ಈಗ ಹಂಚು ಇಳಿಯುವ ಕಾಲ. ಹಂಚಿನ ಜತೆ ಒಳಗಿನ ಕನ್ನಡಿಯೂ ಇಳಿಯುತ್ತಿದೆ.

ಚಾವಡಿ ಕನ್ನಡಿ ಹೋದರೂ ಅಟ್ಟದಲ್ಲಿ ಇನ್ನೊಂದು ಸಣ್ಣದು ಉಳಿದಿತ್ತು. ಮೊಳದುದ್ದದ್ದು. ಗುಜರಿಯವನೂ ಬೇಡವೆಂದದ್ದು. ಕಾಫಿ ಅಂಗಡಿಯಿಂದ ಬಂದ ವಾರವೇ ಊರಿಗೆ ಹೋಗಿ ಅದನ್ನು ಹಳೆ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಂಗಳೂರಿನ ಬಾಡಿಗೆ ಮನೆಗೆ ತಂದೆವು.

ಅಮ್ಮ ಫೋನಿನಲ್ಲಿ ಬೈದರು. "ಮುಕ್ಕಾದ ಕನ್ನಡಿ ಮನೆಯಲ್ಲಿ ಇಡಬಾರದು ಅಂತ ಗೊತ್ತಿಲ್ವಾ?"

"ಮುಕ್ಕಾದದ್ದಲ್ಲಮ್ಮ, ಕಲೆಯಾದದ್ದು" ಅಂದೆವು.

ಈ ಕಲೆಯ ವಿಷಯ ತಿಳಿದುಕೊಂಡರೆ ಒಳ್ಳೆಯದು. ಕನ್ನಡಿ ಎಂದರೆ ಗಾಜಿನ ಬೆನ್ನಿಗೆ ಹಚ್ಚಿದ ತೆಳುವಾದ ಲೋಹ. ಬಹಳ ಹಿಂದೆ ತವರಕ್ಕೆ ಪಾದರಸ ಸೇರಿಸಿ ಹಚ್ಚುತ್ತಿದ್ದರು. ಗಾಜಿಗೆ ಬೆಳ್ಳಿ ಹಿಡಿಸುವ ವಿಧಾನವನ್ನು 1835ರಲ್ಲಿ ಕಂಡುಕೊಂಡವರು ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್. ಆ ಬೆಳ್ಳಿಯ ಮೇಲಿನ ಬಣ್ಣದ ಲೇಪ ಎದ್ದು ಒಳಗೆ ತೇವ ಹೋದರೆ ಬೆಳ್ಳಿ ಕಪ್ಪಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ, ಉಪ್ಪಿನ ಗಾಳಿಯ ನಮ್ಮ ಕರಾವಳಿಯಲ್ಲಿ ಹಳೆ ಕನ್ನಡಿಗೆ ಚುಕ್ಕೆ ಬೀಳದಿದ್ದರೇ ಆಶ್ಚರ್ಯ. ಗುಜರಿಯವ ಬೆಲೆ ಇಳಿಸಲು ತೋರಿಸಿದ ಚುಕ್ಕೆಯನ್ನೇ ಪೇಟೆಯಲ್ಲಿ ಹಳೆಯದೆನ್ನುವುದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ.

ನಿಮ್ಮ ಅಟ್ಟದಲ್ಲೂ ಅಂಥದ್ದೊಂದು ಇದ್ದರೆ ಮಾರುವ ಮೊದಲು ನೋಡಿ. ಕಿಟಕಿಯ ಸರಳಿನ ಬಿಂಬ ಅದರಲ್ಲಿ ಬೀಳುವಂತೆ ಹಿಡಿದು ಮೆಲ್ಲಗೆ ಓರೆ ಮಾಡಿ. ಸರಳು ನೀರಿನಲ್ಲಿ ಕಂಡಂತೆ ತುಸು ಬಳುಕಿದರೆ ಗಾಜು ಹಳೆಯದಿರುವ ಸಾಧ್ಯತೆ ಹೆಚ್ಚು. ಈಗಿನ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಆ ವಿಧಾನವನ್ನು 1959ರಲ್ಲಿ ಜಗತ್ತಿಗೆ ತಿಳಿಸಿತು. ಆ ಗಾಜು ಬಳುಕುವುದಿಲ್ಲ. ಹಿಂದುಗಡೆ ಮರದ ಹಲಗೆ ಇದೆಯೋ ಪ್ಲೈವುಡ್ ಇದೆಯೋ ನೋಡಿ. ಕಪ್ಪು ಚುಕ್ಕೆಗಳು ಅಳೆದು ಹಾಕಿದಂತೆ ಎಲ್ಲ ಕಡೆ ಒಂದೇ ತೆರನಾಗಿದ್ದರೆ ಆ್ಯಸಿಡ್ ಹಾಕಿ ಹೊಸದನ್ನು ಹಳೆಯದು ಮಾಡಿರಬಹುದು. ಇನ್ನು, ದಪ್ಪ ಗಾಜೆಲ್ಲ ಬೆಲ್ಜಿಯಂನದ್ದೇ ಎಂದು ನಂಬಬೇಡಿ. ನಮ್ಮ ಕಡೆ ಹಾಗೆ ಕರೆಯುವುದು ರೂಢಿ, ಅಷ್ಟೆ.

ಇಟ್ಟುಕೊಳ್ಳುವುದಾದರೆ ಬೆನ್ನಿನ ಲೇಪವನ್ನು ಕೆರೆಯಬೇಡಿ. ತೀರಾ ಹಳೆಯದಾದರೆ ಅದರಲ್ಲಿ ಪಾದರಸ ಇರಬಹುದು. ಗಾಜಿಗೆ ನೀರು ಚಿಮುಕಿಸಬೇಡಿ. ಒಣ ಹತ್ತಿ ಬಟ್ಟೆ ಸಾಕು. ಮಳೆಗಾಲದಲ್ಲಿ ಹೊರಗೋಡೆ ಒದ್ದೆಯಾಗುತ್ತದೆ, ಹಾಗಾಗಿ ಒಳಗೋಡೆಗೆ ತೂಗುಹಾಕಿ. ನಾಲ್ಕು ಮೂಲೆಗೆ ಸಣ್ಣ ಮರದ ಚೂರು ಅಂಟಿಸಿದರೆ ಗೋಡೆಗೂ ಕನ್ನಡಿಗೂ ನಡುವೆ ಗಾಳಿಯಾಡುತ್ತದೆ. ಭಾರಕ್ಕೆ ತಕ್ಕ ಎರಡು ಗಟ್ಟಿ ಮೊಳೆ ಬೇಕು, ಒಂದನ್ನೇ ನಂಬಬೇಡಿ. ಕಿಟಕಿಯ ಎದುರಿನ ಗೋಡೆಯಲ್ಲಿ, ನೇರ ಬಿಸಿಲು ಬೀಳದ ಜಾಗದಲ್ಲಿ ಇಟ್ಟರೆ ಕತ್ತಲೆ ಕೋಣೆಗೂ ಒಂದಿಷ್ಟು ಬೆಳಕು ಬರುತ್ತದೆ. ನಮ್ಮ ಬಾಡಿಗೆ ಮನೆಯ ನಡುಕೋಣೆಗೆ ಈಗ ಹಗಲು ಲೈಟು ಬೇಡ.

ಮರದ ಚೂರು ಅಂಟಿಸಲೆಂದು ಹಿಂದಿನ ಹಲಗೆ ಬಿಚ್ಚಿದಾಗ ಒಳಗೆ ಮಡಚಿಟ್ಟ ಪತ್ರಿಕೆಯ ಹಾಳೆ ಸಿಕ್ಕಿತು. ಹಿಂದೆ ಮಂಗಳೂರಿನಿಂದ ಹೊರಡುತ್ತಿದ್ದ 'ನವಭಾರತ'ದ್ದು. ಗಾಜು ಅಲುಗದಿರಲೆಂದು ಯಾರೋ ತುರುಕಿದ್ದರು. ತಾರೀಕಿನ ಮೂಲೆಯನ್ನು ಹುಳ ತಿಂದಿತ್ತು. ಸಭೆಯೊಂದರ ಸುದ್ದಿ ಅರ್ಧ ಓದಲು ಬಂತು. ಬರೆದವರ ಹೆಸರಿಲ್ಲ. ನಮ್ಮಂಥವರೇ ಯಾರೋ ಬರೆದಿರಬೇಕು ಅಂದುಕೊಂಡೆವು.

ಡಿಪ್ಲೊಮಾ ಓದುವಾಗ ಮೇಷ್ಟ್ರು ಮೊದಲ ದಿನ ಕಲಿಸಿದ್ದು ಯಾರು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳನ್ನು. ಊರೆಲ್ಲ ಸುತ್ತಿ ಅವನ್ನು ಕೇಳುವ ನಾವು ನಮ್ಮ ಚಾವಡಿಯ ಕನ್ನಡಿಯ ಬಗ್ಗೆ ಅಜ್ಜಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಅದು ಯಾರು ತಂದದ್ದು, ಯಾವ ಮದುವೆಗೆ ಬಂದದ್ದು, ಒಂದೂ ಗೊತ್ತಿಲ್ಲ. ಕಾಫಿ ಅಂಗಡಿಯವರಿಗೆ ಗೊತ್ತಿಲ್ಲವೆಂದು ಬೇಸರಪಡುವ ಹಕ್ಕು ನಮಗೆಲ್ಲಿಂದ ಬರಬೇಕು?

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳಲಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ಅವರು 2017ರಲ್ಲಿ ತೀರಿಕೊಂಡರು. ಅಲ್ಲಿಯ ಮನೆಗಳು ಇವತ್ತಿಗೂ ಮಿಯಾರು ಮನೆ, ಕುಂಜೂರು ಚೌಕಿ ಮನೆ ಎಂದು ಊರಿನ ಹೆಸರಿನಲ್ಲೇ ನಿಂತಿವೆ. ಜಾಗ ಬಿಟ್ಟು ಬಂದರೂ ಹೆಸರು ಬಿಟ್ಟು ಬಂದಿಲ್ಲ.

300 ಮತ್ತು 18 ಸಾವಿರದ ನಡುವಿನ ಲೆಕ್ಕ ಹೊಟ್ಟೆ ಉರಿಸಿದ್ದು ಹೌದು. ಆದರೆ ಹಣವನ್ನು ಹೇಗೋ ದುಡಿಯಬಹುದು. ಮಾರಲೇಬೇಕಾದ ಕಷ್ಟ ಯಾರಿಗೂ ಬರಬಹುದು, ಮಾರುವುದು ತಪ್ಪೂ ಅಲ್ಲ. ಎರಡು ಕಡೆ ಬೆಲೆ ಕೇಳಿ ಮಾರಿ. ಹಾಗೆಯೇ ಒಂದು ಚೀಟಿಯಲ್ಲಿ ಮನೆಯ ಹೆಸರು, ಊರು, ಅದರಲ್ಲಿ ಮುಖ ನೋಡಿದವರ ಹೆಸರು ಬರೆದು ಹಿಂದಿನ ಹಲಗೆಯೊಳಗೆ ಇಟ್ಟುಬಿಡಿ. ಹಿರಿಯರು ಇರುವಾಗಲೇ ಕೇಳಿ ಬರೆಯಿರಿ.

ನಾವೂ ಹಾಗೇ ಮಾಡಿದೆವು. ಅಮ್ಮನಿಗೆ ಫೋನು ಮಾಡಿ ಸಣ್ಣ ಕನ್ನಡಿಯ ಬಗ್ಗೆ ಕೇಳಿದೆವು. ಬೈಗುಳ ನಿಲ್ಲಿಸಿ ಅಮ್ಮ ಅರ್ಧ ಗಂಟೆ ಮಾತಾಡಿದರು. ಅದು ಅಜ್ಜ ಮಂಗಳೂರಿಗೆ ಅಡಿಕೆ ಮಾರಲು ಬಂದಾಗ ಅಜ್ಜಿಗೆಂದು ಕೊಂಡದ್ದಂತೆ. ಮನೆಯವರು ನೋಡಿದರೆ ನಗುತ್ತಾರೆಂದು ಅಕ್ಕಿಯ ಚೀಲದಲ್ಲಿ ಅಡಗಿಸಿ ತಂದಿದ್ದರಂತೆ. ಬರೆದುಕೊಂಡೆವು. ಪತ್ರಿಕೆಯ ಹಾಳೆಯ ಜತೆಗೇ ಮಡಚಿ ಒಳಗಿಟ್ಟು ಹಲಗೆ ಮುಚ್ಚಿದೆವು.

ಈ ಸಲದ ಬಿಸುವಿಗೆ ಅಮ್ಮ ನಮ್ಮಲ್ಲಿಗೇ ಬಂದಿದ್ದರು. ಕಣಿ ಇಡುವಾಗ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಚಿನ್ನ ಎಲ್ಲ ಜೋಡಿಸಿ, ಹಿಂದೆ ನಿಲ್ಲಿಸಲು ಬಚ್ಚಲಮನೆಯ ಹೊಸ ಕನ್ನಡಿ ತರಲು ಹೊರಟೆವು. "ಅದು ಯಾಕೆ? ಅಜ್ಜಿಯದ್ದು ಉಂಟಲ್ಲ" ಅಂದರು ಅಮ್ಮ.