ಅಂಗಡಿಯ ಕಸವೂ ಐದನೆಯ ಸಮಿತಿಯೂ

ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗ ಸಮಿತಿಯನ್ನು ಶ್ರಾವಕರಾದ ನಾವು ಕೇಳಿ ಮರೆತುಬಿಡುತ್ತೇವೆ. ತ್ಯಜಿಸಬೇಕಾದುದನ್ನು ಜೀವರಹಿತವಾದ ನೆಲ ನೋಡಿ, ಯಾವ ಜೀವಿಗೂ ಬಾಧೆಯಾಗದಂತೆ ತ್ಯಜಿಸಬೇಕೆಂಬುದು ಅದರ ತಾತ್ಪರ್ಯ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ವ್ಯಾಪಾರ ಮಾಡುವ ನನಗೆ ಈ ವಿವೇಕ ಅಂಗಡಿಗೂ ಬೇಕೆನಿಸುತ್ತದೆ.

ಸೂರ್ಯಾಸ್ತದೊಳಗೆ ಊಟ ಮುಗಿಸುವವರು ನಾವು. ದೀಪಕ್ಕೆರಗುವ ಹುಳುವಿನ ಮೇಲೂ ನಮಗೆ ಕನಿಕರ. ಆದರೆ ಅಂಗಡಿ ಮುಚ್ಚಿದ ಮೇಲೆ ರಟ್ಟು, ಹುರಿ, ಪ್ಲಾಸ್ಟಿಕ್ಕುಗಳನ್ನು ಗುಡ್ಡೆ ಹಾಕಿ ಬೆಂಕಿಯಿಟ್ಟರೆ ಅದರಲ್ಲಿ ಬೇಯುವ ಜೀವಿಗಳ ಲೆಕ್ಕವನ್ನು ಯಾರು ಬರೆದಿಡುತ್ತಾರೆ? ಕೊಳೆತ ಹಣ್ಣನ್ನು ಗಾಜಿನ ಚೂರಿನೊಡನೆ ಒಂದೇ ಚೀಲದಲ್ಲಿ ಕಟ್ಟಿಡುವುದೂ ಹಿಂಸೆಯೇ. ಒಳಗೆ ಹುಳುಗಳು ಹುಟ್ಟುತ್ತವೆ. ಮರುದಿನ ಚೀಲ ಬಿಡಿಸುವ ಪೌರಕಾರ್ಮಿಕರ ಕೈ ಸೀಳುತ್ತದೆ. ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಮೂಲದಲ್ಲಿಯೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವು. ಅಹಿಂಸೆಯ ಪಾಠವನ್ನು ಸರಕಾರದ ಆದೇಶದಿಂದ ಕಲಿಯುವುದು ನಮಗೆ ಶೋಭೆಯಲ್ಲ.

ಬಿಸುಟದ್ದನ್ನು ಬಳಸುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. 1936ರಲ್ಲಿ ಸ್ಥಾಪಿತವಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆಯೂ ಕಾಗದವಾಗುತ್ತಿತ್ತು. 2015ರಲ್ಲಿ ಅಲ್ಲಿನ ಉತ್ಪಾದನೆ ನಿಂತಿತು. ರದ್ದಿ ಕೊಳ್ಳುವವರು ಮಾತ್ರ ಇಂದಿಗೂ ಬರುತ್ತಾರೆ. ಒಣ ರಟ್ಟಿಗೆ ಬೆಲೆ ಕಟ್ಟುತ್ತಾರೆ, ಹಸಿಕಸದಲ್ಲಿ ನೆನೆದುದನ್ನು ಮುಟ್ಟುವುದಿಲ್ಲ. ವರ್ತಕರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಅಂಗಡಿಯ ಹಿಂಬದಿಯಲ್ಲಿ ಎರಡು ಡಬ್ಬಗಳಿವೆ. ಗಾಜು ಒಡೆದರೆ ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು, ಕಸದ ಗಾಡಿಯವರ ಕೈಗೇ ಕೊಡುತ್ತೇವೆ.