ಗುಂಡನಿಗೆ ಬೆರಕೆ ಸೊಪ್ಪು

ಇಂಗ್ಲೆಂಡಿನಲ್ಲಿ ಆಮೆ ಸಾಕಿದವರ ಮನೆಯನ್ನು ಹಿತ್ತಿಲು ನೋಡಿಯೇ ಹೇಳಬಹುದು. ಅಕ್ಕಪಕ್ಕದ ಹುಲ್ಲುಹಾಸೆಲ್ಲ ಆಗತಾನೇ ಕ್ಷೌರ ಮುಗಿಸಿ ಎದ್ದ ಹಾಗಿದ್ದರೆ, ಇವರಲ್ಲಿ ಮಾತ್ರ ಕಳೆ ಮೊಣಕಾಲೆತ್ತರ. ನನ್ನ ಮಗಳ ಹಿತ್ತಿಲೂ ಹಾಗೇ. ಅಲ್ಲಿರುವವನು ಗುಂಡ. ಹರ್ಮನ್ ಜಾತಿಯವನು, ಮೂಲ ಮೆಡಿಟರೇನಿಯನ್ ಸೀಮೆ. ಮೈಯೊಳಗೆ ಮೈಕ್ರೋಚಿಪ್, ಬೀರುವಿನಲ್ಲಿ ಸರ್ಟಿಫಿಕೇಟ್. ನಮ್ಮ ಕಡೆ ಈ ಭಾಗ್ಯವಿಲ್ಲ, ಇರಲೂಬಾರದು. ಕೋಲಾರದ ಕುರುಚಲಲ್ಲಿ ಓಡಾಡುವ ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಆದರೂ ಅದೃಷ್ಟ ತರುತ್ತದೆಂದು ಕದ್ದು ಸಾಕುವವರಿದ್ದಾರೆ. ಆಮೆಯ ಅದೃಷ್ಟದ ಯೋಚನೆ ಅವರಿಗೆ ಬಂದಂತಿಲ್ಲ.

ಗುಂಡನಿಗೆ ಅಂಗಡಿ ಲೆಟಿಸ್ ಸಾಲದು, ಅದು ಬರೀ ನೀರು. ನಾರು ಬೇಕು, ಕ್ಯಾಲ್ಸಿಯಂ ಬೇಕು, ಇಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ಕಾಳು, ಹಣ್ಣು ಆಗಿಬರುವುದಿಲ್ಲ. ನಮಗೆ ಒಳ್ಳೆಯದೆನಿಸಿಕೊಂಡ ಪಾಲಕ್ ಕೂಡ ಅವನಿಗೆ ಅಷ್ಟಕ್ಕಷ್ಟೆ. ಅದರ ಆಕ್ಸಲೇಟು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಅವನ ಊಟವಿರುವುದು ಕಳೆಯಲ್ಲಿ.

ಕಳೆ ಕೀಳುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ರಾಗಿ ಹೊಲದ ಬದುವಿನಲ್ಲಿ ಮಡಿಲು ಕಟ್ಟಿ ಬೆರಕೆ ಸೊಪ್ಪು ಕಿತ್ತವಳು. ಅಣ್ಣೆ, ಗೋಣಿ, ಗಣಿಕೆ ಎಂದು ಬಾಯಿ ಹೇಳುವ ಮೊದಲೇ ಕೈ ಚಿವುಟಿರುತ್ತದೆ. ಆ ಕೈಯನ್ನು ಇಲ್ಲಿ ಹಿಡಿದಿಟ್ಟುಕೊಳ್ಳಬೇಕು. ಚಿವುಟಿದರೆ ಹಾಲು ಬರುವ ಗಿಡವೆಂದರೆ ನಮಗೆ ಎಕ್ಕ, ಕಳ್ಳಿ. ಕಣ್ಣಿಗೆ ಸಿಡಿದೀತೆಂದು ಮಕ್ಕಳನ್ನು ಗದರಿ ಓಡಿಸುತ್ತೇವೆ. ಆಮೆಗೋ ಹಾಲಿನ ಗಿಡವೇ ಹಬ್ಬ. ಸೆಲ್ಬೋರ್ನ್ ಊರಿನ ಪಾದ್ರಿ ಗಿಲ್ಬರ್ಟ್ ವೈಟ್ ಇದನ್ನು 1770ರಲ್ಲೇ ಬರೆದಿಟ್ಟಿದ್ದ. ಅವನ ಸೋದರತ್ತೆಯ ಆಮೆಗೆ ಲೆಟಿಸ್, ಡ್ಯಾಂಡಿಲಿಯನ್, ಸೋ ಥಿಸಲ್ ಎಂದರೆ ಪ್ರಾಣವಂತೆ. (ತಿಮೊಥಿ ಎಂಬ ಗಂಡು ಹೆಸರಿನ ಆ ಆಮೆ ಹೆಣ್ಣೆಂದು ತಿಳಿದದ್ದು ಸತ್ತಮೇಲೆ.)

ಡ್ಯಾಂಡಿಲಿಯನ್ ಗುರುತು ಸುಲಭ. ಎಲೆಗಳೆಲ್ಲ ನೆಲಕ್ಕೆ ಅಂಟಿ ಸುತ್ತ ಹರಡಿರುತ್ತವೆ, ಅಂಚು ಗರಗಸ. ಎಲೆಯಿಲ್ಲದ ಟೊಳ್ಳು ಕಡ್ಡಿಯ ತುದಿಗೆ ಒಂದೇ ಒಂದು ಹಳದಿ ಹೂ. ಸೋ ಥಿಸಲ್ ಎತ್ತರಕ್ಕೆ ಕವಲೊಡೆಯುತ್ತದೆ, ಎಲೆಯ ಬುಡ ಕಾಂಡವನ್ನು ತಬ್ಬಿರುತ್ತದೆ. ಹಾಗೆಂದು ಹಾಲು ಕಂಡದ್ದನ್ನೆಲ್ಲ ಹಾಕುವಂತಿಲ್ಲ. ಕುಂಡದ ಸಂದಿಯಲ್ಲಿ ಸಣ್ಣಗೆ ನಿಂತಿರುವ, ಹೂವೂ ಹಸಿರಾಗಿಯೇ ಇರುವ ಪೆಟ್ಟಿ ಸ್ಪರ್ಜ್ ನಮ್ಮ ಕಳ್ಳಿಯ ಕುಲದ್ದು, ಅದರ ಹಾಲು ಬಾಯಿ ಸುಡುತ್ತದೆ. ಇನ್ನು ಹಳದಿ ಹೂವನ್ನು ನಂಬಿದರೆ ರ್‍ಯಾಗ್‌ವರ್ಟ್ ಕಾದಿರುತ್ತದೆ: ಹೂ ಗೊಂಚಲು ಗೊಂಚಲು, ಹಾಲಿಲ್ಲ, ಯಕೃತ್ತಿಗೆ ವಿಷ.

ನನ್ನನ್ನು ನೆಲಕ್ಕೆ ಕೂರಿಸಿದ್ದು ಚಿಕ್‌ವೀಡ್. ಹೂ ಬಿಡುವ ಮುಂಚೆ ಇದೂ ಸ್ಕಾರ್ಲೆಟ್ ಪಿಂಪರ್ನೆಲ್ ಎಂಬ ವಿಷದ ಗಿಡವೂ ಅವಳಿ ಜವಳಿ. ಮೊಮ್ಮಗಳು ಭೂತಗನ್ನಡಿ ಕೈಗಿತ್ತು, "ಅಜ್ಜಿ, ಕೂದಲು ಎಲ್ಲಿದೆ ನೋಡು" ಅಂದಳು. ಚಿಕ್‌ವೀಡಿನ ಕಾಂಡಕ್ಕೆ ಒಂದು ಪಕ್ಕದಲ್ಲಿ ಮಾತ್ರ ಸಣ್ಣ ಕೂದಲ ಸಾಲು. ಗೆಣ್ಣು ದಾಟಿದರೆ ಸಾಲು ಬೇರೆ ಪಕ್ಕಕ್ಕೆ ಜರುಗುತ್ತದೆ. ಪಿಂಪರ್ನೆಲ್‌ನದು ಚೌಕ ಕಾಂಡ, ನುಣ್ಣಗೆ, ಎಲೆಯ ಅಡಿಗೆ ಕಪ್ಪು ಚುಕ್ಕೆ.

"ಪ್ರಾಣಿಗೆ ಗೊತ್ತಾಗಲ್ವೇನೆ, ಬೇಡದ್ದನ್ನ ತಾನೇ ಬಿಡುತ್ತೆ" ಎಂದಳು ಊರಿಂದ ಫೋನ್ ಮಾಡಿದ ಅಕ್ಕ. ನನಗೆ ಹಾಗೆ ಅನಿಸುವುದಿಲ್ಲ. ತನ್ನ ಕಾಡಿನಲ್ಲಿ ಹತ್ತು ಗಿಡ ಮೂಸಿ ಒಂದನ್ನು ಕಚ್ಚುವ ಆಮೆಯ ಮಾತು ಬೇರೆ. ಬೇಲಿಯೊಳಗಿನ ಆಮೆ ಮುಂದಿಟ್ಟಿದ್ದನ್ನು ತಿನ್ನುತ್ತದೆ. ಪಕ್ಕದ ಮನೆಯವರ ಕಳೆನಾಶಕ ಗಾಳಿಗೆ ಹಾರಿ ಬಿದ್ದಿದ್ದರೆ ಅದನ್ನೂ. ಅದಕ್ಕೇ ಬೇಲಿಯಂಚಿನ ಸೊಪ್ಪು ನಾವು ಮುಟ್ಟುವುದಿಲ್ಲ.

"ಎಲ್ಲ ಅವನಿಗೇ ಸುರಿದ್ಯೋ, ಸಾರಿಗೂ ಒಂಚೂರು ಉಳಿಸಿದ್ಯೋ?" ಅಕ್ಕನ ಮುಂದಿನ ಪ್ರಶ್ನೆ.

ಉಳಿಸಿದ್ದೆ. ಎಳೆ ಡ್ಯಾಂಡಿಲಿಯನ್ ಎಲೆ ಬೇಳೆಯ ಜೊತೆ ಬೇಯಿಸಿ ಬಸ್ಸಾರು ಮಾಡಿದರೆ ಮೆಂತ್ಯಕ್ಕಿಂತ ಒಂದು ಕೈ ಹೆಚ್ಚು ಕಹಿ. ಅಳಿಯಂದಿರು ಎರಡು ಸಲ ಹಾಕಿಸಿಕೊಂಡು, ಈ ಸೊಪ್ಪು ಯಾವ ಅಂಗಡಿಯಲ್ಲಿ ಸಿಕ್ಕಿತು ಅಂತ ಕೇಳಿದರು.